ಡಿಸಿ ಬಯಾಸ್ ಕೊಟ್ಟು ಕೆಪಾಸಿಟರ್ ಅಳೆಯುವುದು: ಮೀಟರಿಗೂ ಕೈಗೂ ಅಪಾಯವಾಗದ ಕ್ರಮ

ಸಣ್ಣ ಸೆರಾಮಿಕ್ ಕೆಪಾಸಿಟರ್‌ಗಳು ಬರುವ ರೀಲಿನ ಚೀಟಿಯ ಮೇಲೆ 10 ಮೈಕ್ರೊಫ್ಯಾರಡ್, 25 ವೋಲ್ಟ್, ಎಕ್ಸ್7ಆರ್ ಎಂದು ಬರೆದಿರುತ್ತದೆ. ಅದರಲ್ಲೊಂದನ್ನು ತೆಗೆದು ಎಲ್‌ಸಿಆರ್ ಮೀಟರಿನ (ಇಂಡಕ್ಟೆನ್ಸ್, ಕೆಪಾಸಿಟೆನ್ಸ್, ರೆಸಿಸ್ಟೆನ್ಸ್ ಅಳೆಯುವ ಮೀಟರ್) ಕ್ಲಿಪ್ಪಿಗೆ ಸಿಕ್ಕಿಸಿದರೆ 9.8 ಎಂದೋ 10.1 ಎಂದೋ ತೋರಿಸುತ್ತದೆ. ಅದೇ ಕೆಪಾಸಿಟರನ್ನು 12 ವೋಲ್ಟಿನ ಲೈನಿಗೆ ಹಾಕಿದಾಗ ಅದರಲ್ಲಿ ಅರ್ಧದಷ್ಟೂ ಉಳಿಯದೆ ಹೋಗಬಹುದು. ಮೀಟರ್ ಸುಳ್ಳು ಹೇಳಿಲ್ಲ. ಅದು ಅಳೆದದ್ದು ಡಿಸಿ ವೋಲ್ಟೇಜ್ ಇಲ್ಲದ ಸ್ಥಿತಿಯಲ್ಲಿ, ನಾವು ಬಳಸುವುದು ಡಿಸಿ ವೋಲ್ಟೇಜ್ ಇರುವ ಸ್ಥಿತಿಯಲ್ಲಿ.

ಎಕ್ಸ್7ಆರ್ ಎಂಬ ಸಂಕೇತವನ್ನು ಬಿಡಿಸಿ ನೋಡಿದರೆ ಈ ಗೊಂದಲದ ಮೂಲ ತಿಳಿಯುತ್ತದೆ. ಮೈನಸ್ 55ರಿಂದ 125 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಮೌಲ್ಯವು ಶೇಕಡಾ 15ಕ್ಕಿಂತ ಹೆಚ್ಚು ಏರುಪೇರಾಗುವುದಿಲ್ಲ ಎಂಬುದಷ್ಟೇ ಅದರ ಅರ್ಥ. ವೋಲ್ಟೇಜಿನ ಬಗ್ಗೆ ಆ ಮೂರು ಅಕ್ಷರಗಳು ಏನನ್ನೂ ಹೇಳುವುದಿಲ್ಲ. ಈ ಬಗೆಯ ಸೆರಾಮಿಕ್‌ಗಳ ಒಳಗಿರುವುದು ಬೇರಿಯಂ ಟೈಟನೇಟ್. ಅದರ ಹರಳುಗಳಲ್ಲಿರುವ ವಿದ್ಯುತ್ ಧ್ರುವಗಳ ಗುಂಪುಗಳು ಎಸಿ ಸಂಕೇತಕ್ಕೆ ಓಗೊಟ್ಟು ಅತ್ತಿತ್ತ ಹೊರಳುವುದರಿಂದಲೇ ಅಷ್ಟು ಚಿಕ್ಕ ಗಾತ್ರದಲ್ಲಿ ಅಷ್ಟು ದೊಡ್ಡ ಕೆಪಾಸಿಟೆನ್ಸ್ ಸಿಗುತ್ತದೆ. ಡಿಸಿ ವೋಲ್ಟೇಜ್ ಅವುಗಳನ್ನು ಒಂದೇ ದಿಕ್ಕಿಗೆ ಎಳೆದು ಹಿಡಿದರೆ ಹೊರಳಲು ಎಡೆ ಇಲ್ಲವಾಗಿ ಕೆಪಾಸಿಟೆನ್ಸ್ ಇಳಿಯುತ್ತದೆ. ಗಾತ್ರ ಚಿಕ್ಕದಾದಷ್ಟೂ, ಪದರಗಳು ತೆಳುವಾದಷ್ಟೂ ಈ ಇಳಿತ ಹೆಚ್ಚು. ಸಿ0ಜಿ ಸೆರಾಮಿಕ್‌ನಲ್ಲಿಯೂ ಪಾಲಿಪ್ರೊಪಿಲೀನ್, ಪಾಲಿಯೆಸ್ಟರ್ ಫಿಲ್ಮ್ ಕೆಪಾಸಿಟರ್‌ಗಳಲ್ಲಿಯೂ ಈ ತೊಂದರೆ ಇಲ್ಲವೆಂದೇ ಹೇಳಬಹುದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಎರಡು ಕಡೆ ಇದು ಕೆಲಸಕ್ಕೆ ಬರುತ್ತದೆ.

ಆದ್ದರಿಂದ ನಿಜವಾದ ಮೌಲ್ಯ ಬೇಕಾದರೆ ಕೆಪಾಸಿಟರಿಗೆ ಅದರ ಕೆಲಸದ ಡಿಸಿ ವೋಲ್ಟೇಜನ್ನು ಕೊಟ್ಟು, ಅದರ ಮೇಲೆ ಮೀಟರಿನ ಸಣ್ಣ ಎಸಿ ಸಂಕೇತವನ್ನು ಹಾಯಿಸಿ ಅಳೆಯಬೇಕು. ಇದಕ್ಕೇ ಡಿಸಿ ಬಯಾಸ್ ಮಾಪನ ಎನ್ನುತ್ತಾರೆ. ದೊಡ್ಡ ಬೆಂಚ್ ಮೀಟರ್‌ಗಳಲ್ಲಿ ಈ ಸೌಲಭ್ಯ ಒಳಗೇ ಇರುತ್ತದೆ. ಹ್ಯೂಲೆಟ್-ಪ್ಯಾಕರ್ಡ್ 4284ಎ ಮಾದರಿಯಲ್ಲಿ, ಉದಾಹರಣೆಗೆ, ಸಾಮಾನ್ಯವಾಗಿ 2 ವೋಲ್ಟ್‌ವರೆಗೆ, ಹೆಚ್ಚುವರಿ ಆಯ್ಕೆ ಹಾಕಿಸಿದ್ದರೆ 40 ವೋಲ್ಟ್‌ವರೆಗೆ ಬಯಾಸ್ ಸಿಗುತ್ತದೆ. ನಿಮ್ಮ ಮೀಟರಿನಲ್ಲಿ ಅಂಥದ್ದಿದ್ದರೆ ಅದನ್ನೇ ಬಳಸಿ. ಈ ಲೇಖನ ಅದಿಲ್ಲದವರಿಗಾಗಿ, ಅಂದರೆ ಕೈಯಲ್ಲಿ ಹಿಡಿಯುವ ಎಲ್‌ಸಿಆರ್ ಮೀಟರ್ ಮತ್ತು ಹೊರಗಿನ ಡಿಸಿ ಮೂಲವನ್ನು ಇಟ್ಟುಕೊಂಡು 50 ವೋಲ್ಟ್‌ವರೆಗೆ ಅಳೆಯಬಯಸುವವರಿಗಾಗಿ ಬರೆದದ್ದು.

ಮೊದಲೇ ಒಂದು ಗೆರೆ ಎಳೆದುಬಿಡುತ್ತೇನೆ. ಸುರಕ್ಷತಾ ಮಾನದಂಡಗಳಲ್ಲಿ 60 ವೋಲ್ಟ್ ಡಿಸಿಯನ್ನು ಒಂದು ಮುಖ್ಯ ಮಿತಿಯಾಗಿ ಬಳಸುತ್ತಾರೆ. ಇಲ್ಲಿ ಹೇಳುವ ಪೆಟ್ಟಿಗೆಯನ್ನು ಅದಕ್ಕಿಂತ ಮೇಲೆ ಒಯ್ಯಬಾರದು. 10 ಮೈಕ್ರೊಫ್ಯಾರಡ್ 50 ವೋಲ್ಟಿನಲ್ಲಿ ಹಿಡಿದಿಟ್ಟುಕೊಳ್ಳುವ ಶಕ್ತಿ 12.5 ಮಿಲಿಜೂಲ್ ಮಾತ್ರ. 100 ಮೈಕ್ರೊಫ್ಯಾರಡ್ 400 ವೋಲ್ಟಿನಲ್ಲಿ ಹಿಡಿದಿಟ್ಟುಕೊಳ್ಳುವುದು 8 ಜೂಲ್. ಮೊದಲನೆಯದು ಮೀಟರಿಗೆ ಅಪಾಯ, ಎರಡನೆಯದು ಮನುಷ್ಯನ ಪ್ರಾಣಕ್ಕೆ ಅಪಾಯ. ವೋಲ್ಟೇಜ್ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ ಎಂಬುದನ್ನು ಮರೆಯದಿದ್ದರೆ ಈ ಮಿತಿಯ ಮರ್ಮ ತಾನಾಗಿಯೇ ಅರ್ಥವಾಗುತ್ತದೆ. ನೂರಾರು ವೋಲ್ಟಿನ ಬಯಾಸ್ ಬೇಕಿದ್ದರೆ, ಮುಚ್ಚಳ ತೆರೆದೊಡನೆ ವಿದ್ಯುತ್ ಕಡಿದುಹೋಗುವಂತೆ ತಯಾರಿಸಿದ ಸಾಧನವೇ ಬೇಕು.

ಯಾವ ಮೀಟರ್ ಆಗುತ್ತದೆ, ಯಾವುದು ಆಗುವುದಿಲ್ಲ

ಸಾಮಾನ್ಯ ಮಲ್ಟಿಮೀಟರಿನ ಕೆಪಾಸಿಟೆನ್ಸ್ ರೇಂಜನ್ನು ಈ ಕೆಲಸಕ್ಕೆ ಬಳಸಲೇಬೇಡಿ. ಅವುಗಳಲ್ಲಿ ಹೆಚ್ಚಿನವು ಕೆಪಾಸಿಟರನ್ನು ಗೊತ್ತಾದ ಕರೆಂಟಿನಿಂದ ಚಾರ್ಜ್ ಮಾಡಿ, ವೋಲ್ಟೇಜ್ ಏರಲು ಹಿಡಿಯುವ ಸಮಯದಿಂದ ಮೌಲ್ಯವನ್ನು ಲೆಕ್ಕ ಹಾಕುತ್ತವೆ. ಹೊರಗಿನಿಂದ ಡಿಸಿ ಬಂದೊಡನೆ ಆ ಲೆಕ್ಕ ಕೆಡುತ್ತದೆ, ಒಳಗಿನ ಭಾಗಗಳೂ ಕೆಡಬಹುದು. ನಮಗೆ ಬೇಕಾದದ್ದು 100 ಹರ್ಟ್ಸ್, 1 ಕಿಲೊಹರ್ಟ್ಸ್, 10 ಕಿಲೊಹರ್ಟ್ಸ್ ಎಂಬ ನಿರ್ದಿಷ್ಟ ಆವರ್ತನಗಳ ಎಸಿ ಸಂಕೇತವನ್ನು ಕೊಟ್ಟು ಅಳೆಯುವ ಮೀಟರ್. ಅದರಲ್ಲಿ ಸೀರೀಸ್ ಮತ್ತು ಪ್ಯಾರಲಲ್ ಎಂಬ ಎರಡು ಮೋಡ್‌ಗಳನ್ನು ನಾವೇ ಆರಿಸಿಕೊಳ್ಳಲು ಬರಬೇಕು, ರೇಂಜನ್ನು ಹಿಡಿದು ನಿಲ್ಲಿಸುವ ಗುಂಡಿಯೂ ಇರಬೇಕು. ಇವೆರಡರ ಅಗತ್ಯ ಮುಂದೆ ಬರುತ್ತದೆ.

ಮೀಟರನ್ನು ಕೊಲ್ಲುವುದು ಯಾವುದು

ಮೀಟರಿಗೆ ಡಿಸಿ ತಾಗದಂತೆ ನಡುವೆ ಒಂದು ಕೆಪಾಸಿಟರ್ ಇಟ್ಟರಾಯಿತು, ಅದು ಡಿಸಿಯನ್ನು ತಡೆದು ಎಸಿಯನ್ನು ಬಿಡುತ್ತದೆ ಎಂಬ ಪಾಠವನ್ನು ನಾವೆಲ್ಲ ಓದಿರುತ್ತೇವೆ. ಈ ಪಾಠ ನಿಜವಾದರೂ ಅರ್ಧ ಮಾತ್ರ. ತಡೆ ಕೆಪಾಸಿಟರ್ ತಡೆಯುವುದು ನಿಂತಿರುವ ವೋಲ್ಟೇಜನ್ನು. ಥಟ್ಟನೆ ಆಗುವ ಬದಲಾವಣೆಯನ್ನು ಅದು ಇಡಿಯಾಗಿ ಆಚೆಗೆ ದಾಟಿಸುತ್ತದೆ.

ಇದನ್ನು ನಾನು ಕಲಿತದ್ದು ಒಂದು ಮೀಟರನ್ನು ಕಳೆದುಕೊಂಡ ಮೇಲೆ. 10 ಮೈಕ್ರೊಫ್ಯಾರಡ್ ತಡೆ ಕೆಪಾಸಿಟರ್, 100 ಕಿಲೊಓಮ್ ರೆಸಿಸ್ಟರ್, 48 ವೋಲ್ಟ್ ಬಯಾಸ್ ಇಟ್ಟು ಬಹಳ ಹೊತ್ತು ಸರಿಯಾಗಿಯೇ ಅಳೆದಿದ್ದೆ. ಒಂದು ಕೆಪಾಸಿಟರನ್ನು ತೆಗೆದು ಇನ್ನೊಂದನ್ನು ಸಿಕ್ಕಿಸುವಾಗ ಎರಡು ಕ್ಲಿಪ್‌ಗಳ ಮೂತಿಗಳು ಒಂದಕ್ಕೊಂದು ತಾಗಿದವು. ಸೂಜಿಮೊನೆಯಷ್ಟು ಕಿಡಿ ಕಂಡಿತು, ಚಟ್ ಎಂಬ ಸದ್ದು ಕೇಳಿತು, ಪರದೆಯ ಮೇಲಿನ ಅಂಕಿ ನಿಂತಲ್ಲೇ ನಿಂತುಬಿಟ್ಟಿತು. ಆ ಮೀಟರ್ ಮತ್ತೆ ಸರಿಯಾಗಿ ಅಳೆಯಲಿಲ್ಲ.

ಆಗಿದ್ದೇನೆಂದು ಆಮೇಲೆ ಕಾಗದದ ಮೇಲೆ ಬರೆದು ನೋಡಿದಾಗ ಸ್ಪಷ್ಟವಾಯಿತು. ತಡೆ ಕೆಪಾಸಿಟರಿನ ಎರಡು ತುದಿಗಳ ನಡುವೆ 48 ವೋಲ್ಟ್ ತುಂಬಿತ್ತು. ಬಯಾಸ್ ಕಡೆಯ ತುದಿ ಪ್ಲಸ್ 48ರಲ್ಲಿ, ಮೀಟರ್ ಕಡೆಯ ತುದಿ ಸೊನ್ನೆಯಲ್ಲಿ. ಕ್ಲಿಪ್‌ಗಳು ತಾಗಿದಾಗ ಬಯಾಸ್ ಕಡೆಯ ತುದಿ ಒಮ್ಮೆಲೇ ಸೊನ್ನೆಗೆ ಬಿತ್ತು. ಕೆಪಾಸಿಟರಿನ ನಡುವಿನ ವೋಲ್ಟೇಜ್ ಒಮ್ಮೆಲೇ ಬದಲಾಗದು. ಆದ್ದರಿಂದ ಮೀಟರ್ ಕಡೆಯ ತುದಿ ಮೈನಸ್ 48ಕ್ಕೆ ಇಳಿಯಿತು. 100 ಕಿಲೊಓಮ್ ರೆಸಿಸ್ಟರಿಗೆ ಇಲ್ಲಿ ಯಾವ ಪಾತ್ರವೂ ಇರಲಿಲ್ಲ, ಏಕೆಂದರೆ ಈ ಹೊಡೆತ ಬಂದದ್ದು ಡಿಸಿ ಮೂಲದಿಂದಲ್ಲ, ಮೀಟರನ್ನು ಕಾಯಲೆಂದು ನಾನೇ ಇಟ್ಟಿದ್ದ ತಡೆ ಕೆಪಾಸಿಟರಿನಿಂದ. ಅಳೆಯುತ್ತಿರುವ ಕೆಪಾಸಿಟರ್ ಒಳಗೆ ಬಿರುಕುಬಿಟ್ಟು ಶಾರ್ಟ್ ಆದರೂ ಇದೇ ಆಗುತ್ತದೆ, ಅದಕ್ಕೆ ನಮ್ಮ ಕೈತಪ್ಪು ಬೇಕಾಗಿಲ್ಲ. ಹಾಗಾಗಿ ಕೈ ಎಷ್ಟು ನಿಧಾನಿಯಾದರೂ ಸಾಲದು, ಸರ್ಕ್ಯೂಟಿನಲ್ಲೇ ಕಾವಲು ಇರಬೇಕು.

ಪೆಟ್ಟಿಗೆಯನ್ನು ಕಟ್ಟುವುದು

ಸಣ್ಣ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಕೂರಿಸಬಹುದು. ಮೀಟರಿನ ಹೈ ಟರ್ಮಿನಲ್‌ನಿಂದ ಹೊರಟ ತಂತಿ ಮೊದಲು 10 ಮೈಕ್ರೊಫ್ಯಾರಡ್‌ನ ತಡೆ ಕೆಪಾಸಿಟರಿಗೆ, ಅಲ್ಲಿಂದ 10 ಓಮ್‌ನ ಒಂದು ರೆಸಿಸ್ಟರಿಗೆ, ಅಲ್ಲಿಂದ ನಾವು ಕೂಡುಬಿಂದು ಎಂದು ಕರೆಯುವ ಜಾಗಕ್ಕೆ ಬರುತ್ತದೆ. ಅಳೆಯಬೇಕಾದ ಕೆಪಾಸಿಟರ್ ಈ ಕೂಡುಬಿಂದು ಮತ್ತು ಮೀಟರಿನ ಲೋ ಟರ್ಮಿನಲ್ ನಡುವೆ ಕೂರುತ್ತದೆ. ಡಿಸಿ ಮೂಲದ ಮೈನಸ್ ತುದಿ ನೇರವಾಗಿ ಲೋ ಕಡೆಗೆ ಹೋಗುತ್ತದೆ. ಪ್ಲಸ್ ತುದಿ 100 ಕಿಲೊಓಮ್ ಬಯಾಸ್ ರೆಸಿಸ್ಟರ್ ದಾಟಿ ಒಂದು ಸ್ವಿಚ್ಚಿಗೆ ಬರುತ್ತದೆ, ಸ್ವಿಚ್ಚಿನ ನಡುವಿನ ಕಾಲು ಕೂಡುಬಿಂದುವಿಗೆ ಸೇರಿರುತ್ತದೆ. ಸ್ವಿಚ್ಚಿನ ಇನ್ನೊಂದು ಕಾಲಿನಿಂದ 10 ಕಿಲೊಓಮ್‌ನ ಅರ್ಧ ವ್ಯಾಟ್ ರೆಸಿಸ್ಟರ್ ಲೋ ಕಡೆಗೆ ಹೋಗುತ್ತದೆ. ಇದು ಡಿಸ್ಚಾರ್ಜ್ ದಾರಿ.

ತಡೆ ಕೆಪಾಸಿಟರ್ ಫಿಲ್ಮ್ ಬಗೆಯದೇ ಆಗಿರಬೇಕು. 250 ವೋಲ್ಟಿನ ಪಾಲಿಯೆಸ್ಟರ್ ಆದರೆ ಸಾಕು, ಪಾಲಿಪ್ರೊಪಿಲೀನ್ ಆದರೆ ಇನ್ನೂ ಒಳ್ಳೆಯದು. ಜಾಗ ಉಳಿಯುತ್ತದೆಂದು ಇಲ್ಲಿ ಎಕ್ಸ್7ಆರ್ ಸೆರಾಮಿಕ್ ಹಾಕಿದರೆ ಬಯಾಸ್ ಏರಿದಂತೆ ಅದರ ಮೌಲ್ಯವೂ ಇಳಿಯುತ್ತಾ ಹೋಗಿ, ಇಳಿದದ್ದು ಅಳೆಯುವ ಕೆಪಾಸಿಟರೋ ತಡೆಯುವ ಕೆಪಾಸಿಟರೋ ಎಂದು ತಿಳಿಯದಂತಾಗುತ್ತದೆ.

ಸ್ವಿಚ್ಚಿನ ಆಯ್ಕೆಯಲ್ಲಿ ಒಂದು ಬಲೆ ಇದೆ. ನಡುವೆ ಆಫ್ ಇರುವ ಮೂರು ಸ್ಥಾನಗಳ ಸ್ವಿಚ್ ಅನುಕೂಲವೆಂದು ತೋರುತ್ತದೆ. ಆದರೆ ಆ ನಡುವಿನ ಸ್ಥಾನದಲ್ಲಿ ಕೂಡುಬಿಂದು ಎತ್ತಲೂ ಸೇರದೆ, ತುಂಬಿದ ಚಾರ್ಜನ್ನು ಹಾಗೆಯೇ ಇಟ್ಟುಕೊಂಡು ಕೂತಿರುತ್ತದೆ. ಆಫ್ ಎಂದು ಬರೆದಿರುವುದನ್ನು ನಂಬಿ ಕೈ ಹಾಕುತ್ತೇವೆ. ಆದ್ದರಿಂದ ಬಯಾಸ್, ಡಿಸ್ಚಾರ್ಜ್ ಎಂಬ ಎರಡೇ ಸ್ಥಾನಗಳ ಸ್ವಿಚ್ ಹಾಕಿ. ಬಯಾಸ್ ಕೊಡದಿರುವಾಗಲೆಲ್ಲ ಅದು ಡಿಸ್ಚಾರ್ಜ್ ಸ್ಥಾನದಲ್ಲೇ ಇರುತ್ತದೆ.

ಇನ್ನು ಕಾವಲು ಡಯೋಡ್‌ಗಳು. ಪೆಟ್ಟಿಗೆಯೊಳಗೆ, ಮೀಟರ್ ಸೇರುವ ಹೈ ಮತ್ತು ಲೋ ಟರ್ಮಿನಲ್‌ಗಳ ನಡುವೆ, ನಾಲ್ಕು 1ಎನ್4007 ಡಯೋಡ್‌ಗಳನ್ನು ಒಂದರ ಹಿಂದೆ ಒಂದರಂತೆ ಒಂದು ದಿಕ್ಕಿಗೂ, ಇನ್ನು ನಾಲ್ಕನ್ನು ಎದುರು ದಿಕ್ಕಿಗೂ ಹಾಕಿ. ಒಂದೇ ಜೋಡಿ ಸಾಲದೇ ಎಂದು ಕೇಳಬಹುದು. ಮೀಟರಿನ ಸಂಕೇತ 1 ವೋಲ್ಟ್ ಆರ್‌ಎಂಎಸ್ (ಎಸಿಯ ಪರಿಣಾಮಕಾರಿ ಮೌಲ್ಯ) ಇದ್ದರೆ ಅದರ ತುದಿ 1.41 ವೋಲ್ಟಿಗೆ ಮುಟ್ಟುತ್ತದೆ. ಒಂಟಿ ಡಯೋಡ್ ಅರ್ಧ ವೋಲ್ಟ್ ಸುಮಾರಿಗೇ ಕರೆಂಟ್ ಹರಿಸಲು ತೊಡಗಿ ಅಳತೆಯನ್ನೇ ಕೆಡಿಸುತ್ತದೆ. ನಾಲ್ಕು ಸೇರಿದಾಗ ಸಂಕೇತಕ್ಕೆ ಅಡ್ಡಿಯಿಲ್ಲ. ಹೊಡೆತ ಬಂದರೆ ಮಾತ್ರ ವೋಲ್ಟೇಜ್ ಕೆಲವೇ ವೋಲ್ಟಿನಲ್ಲಿ ನಿಲ್ಲುತ್ತದೆ. ಮೊದಲು ಹೇಳಿದ 10 ಓಮ್ ರೆಸಿಸ್ಟರ್ ಇರುವುದೂ ಇದಕ್ಕಾಗಿಯೇ: ಕ್ಲಿಪ್‌ಗಳು 50 ವೋಲ್ಟಿನಲ್ಲಿ ತಾಗಿದರೂ ಕರೆಂಟ್ 5 ಆಂಪಿಯರ್ ದಾಟದು, ಅದೂ 100 ಮೈಕ್ರೊಸೆಕೆಂಡಿನ ಕಾಲಮಾನದಲ್ಲಿ (ರೆಸಿಸ್ಟೆನ್ಸ್ ಗುಣಿಸು ಕೆಪಾಸಿಟೆನ್ಸ್, ಅಂದರೆ ಚಾರ್ಜ್ ತುಂಬುವ ಇಲ್ಲವೇ ಖಾಲಿಯಾಗುವ ವೇಗದ ಅಳತೆ) ಕರಗಿಹೋಗುತ್ತದೆ. ಆ ಡಯೋಡ್‌ಗಳಿಗೆ ಇದೊಂದು ಹೊರೆಯೇ ಅಲ್ಲ.

ಅದೇ ಎರಡು ಟರ್ಮಿನಲ್‌ಗಳ ನಡುವೆ 1 ಮೆಗಾಓಮ್ ರೆಸಿಸ್ಟರ್ ಒಂದನ್ನೂ ಹಾಕಿ. ಮೀಟರ್ ಸೇರಿಸದೆ ಬಯಾಸ್ ಕೊಟ್ಟರೆ ತಡೆ ಕೆಪಾಸಿಟರಿನ ಮೀಟರ್ ಕಡೆಯ ತುದಿ ಎಲ್ಲಿಗೂ ಸೇರದೆ ತೇಲುತ್ತಾ ಮೇಲೇರುತ್ತದೆ, ಆಮೇಲೆ ಸಿಕ್ಕಿಸಿದ ಮೀಟರಿಗೆ ಆ ವೋಲ್ಟೇಜ್ ತಾಗುತ್ತದೆ. ಈ ರೆಸಿಸ್ಟರ್ ಆ ತುದಿಯನ್ನು ಸೊನ್ನೆಯ ಬಳಿಯೇ ಹಿಡಿದಿಡುತ್ತದೆ. ಹಾಗಿದ್ದರೂ ಬಯಾಸ್ ಇರುವಾಗ ಮೀಟರನ್ನು ಸಿಕ್ಕಿಸುವುದಾಗಲಿ ಕೀಳುವುದಾಗಲಿ ಕೂಡದು.

ಡಿಸಿ ಮೂಲ

ನನ್ನ ಮಟ್ಟಿಗೆ 9 ವೋಲ್ಟಿನ ಐದು ಬ್ಯಾಟರಿಗಳನ್ನು ಸಾಲಾಗಿ ಸೇರಿಸಿಕೊಳ್ಳುವುದೇ ಉತ್ತಮ. 45 ವೋಲ್ಟ್ ಮೇಲ್ಪಟ್ಟು ಸಿಗುತ್ತದೆ, ಏರಿಳಿತದ ಸದ್ದಿಲ್ಲ, ನೆಲದ ಸಂಪರ್ಕದ ತಕರಾರಿಲ್ಲ. ನಡುನಡುವೆ ತಂತಿ ಎಳೆದುಕೊಂಡರೆ 9, 18, 27, 36 ವೋಲ್ಟಿನ ಹಂತಗಳೂ ಸಿಗುತ್ತವೆ. ಬೆಂಚ್ ಪವರ್ ಸಪ್ಲೈ ಬಳಸುವುದಾದರೆ ಎರಡು ಮಾತು. ಒಂದನೆಯದು, ಅದರ ಕರೆಂಟ್ ಮಿತಿಯನ್ನು 10 ಮಿಲಿಆಂಪಿಯರಿಗೆ ಇಳಿಸಿಟ್ಟರೂ ಅದನ್ನೇ ಕಾವಲೆಂದು ನೆಚ್ಚಬೇಡಿ. ಸಪ್ಲೈಯ ಔಟ್‌ಪುಟ್‌ನಲ್ಲಿ ದೊಡ್ಡದೊಂದು ಕೆಪಾಸಿಟರ್ ಕೂತಿರುತ್ತದೆ, ಮಿತಿ ಎಚ್ಚೆತ್ತುಕೊಳ್ಳುವ ಮೊದಲೇ ಅದು ತನ್ನಲ್ಲಿರುವುದನ್ನು ಸುರಿದುಬಿಡುತ್ತದೆ. ನಿಜವಾದ ಮಿತಿ 100 ಕಿಲೊಓಮ್ ರೆಸಿಸ್ಟರೇ. ಎರಡನೆಯದು, ಸಪ್ಲೈಯ ಮೈನಸ್ ಮತ್ತು ಅರ್ತ್ ಟರ್ಮಿನಲ್‌ಗಳನ್ನು ಜೋಡಿಸುವ ಪಟ್ಟಿ ಇದ್ದರೆ ತೆಗೆದುಹಾಕಿ. ಮೀಟರಿನ ಲೋ ಟರ್ಮಿನಲ್ ಎಂದರೆ ಅರ್ತ್ ಅಲ್ಲ. ಮೇನ್ಸ್‌ನಿಂದ ನಡೆಯುವ ಮೀಟರ್‌ಗಳಲ್ಲಿ ಅದನ್ನು ಅರ್ತ್‌ಗೆ ಸೇರಿಸಿದರೆ ಅಳೆಯಬೇಕಾದ ಕರೆಂಟೇ ದಾರಿ ತಪ್ಪುತ್ತದೆ.

ಅಳೆಯುವ ಕ್ರಮ

ಮೊದಲಿಗೆ ತಡೆ ಕೆಪಾಸಿಟರಿನ ನಿಜವಾದ ಮೌಲ್ಯವನ್ನು ಅದೇ ಮೀಟರಿನಿಂದ, ನೀವು ಮುಂದೆ ಬಳಸಲಿರುವ ಆವರ್ತನದಲ್ಲೇ ಅಳೆದು ಪೆಟ್ಟಿಗೆಯ ಮೇಲೆ ಬರೆದಿಡಿ. ಅದು 9.87 ಮೈಕ್ರೊಫ್ಯಾರಡ್ ಎಂದಿಟ್ಟುಕೊಳ್ಳೋಣ.

ಸ್ವಿಚ್ ಡಿಸ್ಚಾರ್ಜ್ ಸ್ಥಾನದಲ್ಲಿರಲಿ, ಡಿಸಿ ಮೂಲ ಸೊನ್ನೆಯಲ್ಲಿರಲಿ. ಅಳೆಯಬೇಕಾದ ಕೆಪಾಸಿಟರ್ ಬೇರೆ ಉಪಕರಣದಿಂದ ಬಿಚ್ಚಿ ತಂದದ್ದಾದರೆ ಅದರಲ್ಲಿ ಚಾರ್ಜ್ ಇಲ್ಲವೆಂದು ಮಲ್ಟಿಮೀಟರಿನಿಂದ ನೋಡಿಕೊಂಡ ಮೇಲೆಯೇ ಕ್ಲಿಪ್ಪಿಗೆ ಸಿಕ್ಕಿಸಿ. 230 ವೋಲ್ಟಿನ ಮೇನ್ಸ್‌ನಿಂದ ನಡೆಯುವ ಪವರ್ ಸಪ್ಲೈಯೊಳಗಿನ ಕೆಪಾಸಿಟರಿನಲ್ಲಿ 325 ವೋಲ್ಟಿನವರೆಗೆ ತುಂಬಿರಬಹುದು. ಸರ್ಕ್ಯೂಟ್ ಬೋರ್ಡಿನ ಮೇಲಿರುವಂತೆಯೇ ಯಾವ ಕೆಪಾಸಿಟರಿಗೂ ಬಯಾಸ್ ಕೊಡಬೇಡಿ. ನೀವು ಕೊಟ್ಟ ವೋಲ್ಟೇಜ್ ಪಕ್ಕದ ಐಸಿಗಳಿಗೂ ಹೋಗುತ್ತದೆ. ಧ್ರುವ ಗುರುತು ಇರುವ ಕೆಪಾಸಿಟರಾದರೆ ಪ್ಲಸ್ ಕಾಲು ಕೂಡುಬಿಂದುವಿಗೇ ಬರಬೇಕು.

ಈಗ ಮೀಟರನ್ನು ಸೇರಿಸಿ ಆನ್ ಮಾಡಿ, ಸೀರೀಸ್ ಮೋಡ್ ಮತ್ತು 1 ಕಿಲೊಹರ್ಟ್ಸ್ ಆರಿಸಿ. ಸೀರೀಸ್ ಮೋಡ್ ಏಕೆಂದರೆ ತಡೆ ಕೆಪಾಸಿಟರ್, 10 ಓಮ್, ಅಳೆಯುವ ಕೆಪಾಸಿಟರ್ ಮೂರೂ ಸಾಲಿನಲ್ಲಿವೆ. ಆ ಮೋಡಿನಲ್ಲಿ ಮಾತ್ರ ಕೆಪಾಸಿಟೆನ್ಸನ್ನೂ ರೆಸಿಸ್ಟೆನ್ಸನ್ನೂ ಬೇರೆಬೇರೆಯಾಗಿ ಬಿಡಿಸಿಕೊಳ್ಳಬಹುದು. ಅಂಕಿ ನಿಂತ ಮೇಲೆ ರೇಂಜನ್ನು ಹಿಡಿದು ನಿಲ್ಲಿಸುವ ಗುಂಡಿ ಒತ್ತಿ. ಬಯಾಸ್ ಏರುವಾಗ ಮೀಟರ್ ತಾನಾಗಿ ರೇಂಜ್ ಬದಲಿಸತೊಡಗಿದರೆ ಒಳಗಿನ ಸಂಪರ್ಕಗಳು ಮತ್ತೆ ಮತ್ತೆ ತೆರೆದು ಮುಚ್ಚಿ, ಅಂಕಿ ನೆಲೆ ನಿಲ್ಲುವುದೇ ಇಲ್ಲ.

ಸೊನ್ನೆ ಬಯಾಸ್‌ನಲ್ಲಿ ಬಂದ ಅಂಕಿಯನ್ನು ಬರೆದುಕೊಳ್ಳಿ. ಸ್ವಿಚ್ಚನ್ನು ಬಯಾಸ್ ಸ್ಥಾನಕ್ಕೆ ತಂದು ವೋಲ್ಟೇಜನ್ನು ಹಂತ ಹಂತವಾಗಿ ಏರಿಸಿ. ಪ್ರತಿ ಹಂತದಲ್ಲೂ ಕಾಯಬೇಕು, ಏಕೆಂದರೆ 100 ಕಿಲೊಓಮ್ ಮೂಲಕ ತುಂಬಬೇಕಾದದ್ದು ಅಳೆಯುವ ಕೆಪಾಸಿಟರ್ ಒಂದೇ ಅಲ್ಲ, ತಡೆ ಕೆಪಾಸಿಟರ್ ಕೂಡ. 1 ಮೈಕ್ರೊಫ್ಯಾರಡ್ ಅಳೆಯುವಾಗ ಎರಡೂ ಸೇರಿ 11, ಕಾಲಮಾನ 1.1 ಸೆಕೆಂಡ್, 10 ಸೆಕೆಂಡ್ ಕಾದರೆ ವೋಲ್ಟೇಜ್ ನೆಲೆಗೊಂಡಿರುತ್ತದೆ. ಎಕ್ಸ್7ಆರ್, ಎಕ್ಸ್5ಆರ್ ಬಗೆಗಳಲ್ಲಿ ವೋಲ್ಟೇಜ್ ನಿಂತ ಮೇಲೂ ಮೌಲ್ಯ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತಲೇ ಇರುತ್ತದೆ, ಆದ್ದರಿಂದ ಎಲ್ಲ ಹಂತಗಳಲ್ಲೂ ಒಂದೇ ಅಳತೆಯ ಸಮಯ ಕಾದು ಓದುವುದು ಲೇಸು. ನಾನು 30 ಸೆಕೆಂಡ್ ಇಟ್ಟುಕೊಂಡಿದ್ದೇನೆ. ಕೆಪಾಸಿಟರಿನ ನಿಗದಿತ ವೋಲ್ಟೇಜನ್ನು ಯಾವ ಕಾರಣಕ್ಕೂ ದಾಟಬೇಡಿ. ಹೆಚ್ಚಿನ ಸಲ ನಿಮ್ಮ ಸರ್ಕ್ಯೂಟಿನ ಕೆಲಸದ ವೋಲ್ಟೇಜಿನಲ್ಲಿ ಎಷ್ಟು ಉಳಿಯಿತು ಎಂಬುದಷ್ಟೇ ಬೇಕಾಗಿರುತ್ತದೆ.

ಕೆಪಾಸಿಟರಿನ ಮೇಲೆ ನಿಜವಾಗಿ ಎಷ್ಟು ವೋಲ್ಟೇಜ್ ಇದೆ ಎಂಬುದನ್ನು ಸಪ್ಲೈಯ ಪರದೆಯಲ್ಲಿ ನೋಡದೆ ಕೂಡುಬಿಂದುವಿನಲ್ಲಿ ನೋಡಬೇಕು. ಕೆಪಾಸಿಟರಿನ ಸೋರಿಕೆ 1 ಮೈಕ್ರೊಆಂಪಿಯರ್ ಇದ್ದರೆ 100 ಕಿಲೊಓಮ್‌ನಲ್ಲಿ 0.1 ವೋಲ್ಟ್ ಮಾತ್ರ ಕಳೆಯುತ್ತದೆ. 50 ಮೈಕ್ರೊಆಂಪಿಯರ್ ಸೋರುವ ಎಲೆಕ್ಟ್ರೊಲಿಟಿಕ್ ಆದರೆ 5 ವೋಲ್ಟೇ ಹೋಗುತ್ತದೆ. ಮಲ್ಟಿಮೀಟರಿನ 10 ಮೆಗಾಓಮ್ ಕೂಡ ಶೇಕಡಾ 1ರಷ್ಟನ್ನು ಎಳೆದುಕೊಳ್ಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ವೋಲ್ಟೇಜ್ ನೋಡಿಯಾದ ಮೇಲೆ ಅದರ ಪ್ರೋಬ್‌ಗಳನ್ನು ತೆಗೆದು, ಮತ್ತೆ ನೆಲೆಗೊಳ್ಳಲು ಬಿಟ್ಟು, ಆಮೇಲೆ ಕೆಪಾಸಿಟೆನ್ಸ್ ಓದಿ.

ಮುಗಿದ ಮೇಲೆ ಬಂದ ದಾರಿಯಲ್ಲೇ ಹಿಂದಿರುಗಿ. ವೋಲ್ಟೇಜನ್ನು ಸೊನ್ನೆಗೆ ಇಳಿಸಿ, ಸ್ವಿಚ್ಚನ್ನು ಡಿಸ್ಚಾರ್ಜ್‌ಗೆ ತನ್ನಿ. 10 ಕಿಲೊಓಮ್ ಮೂಲಕ ಕಾಲಮಾನ 0.11 ಸೆಕೆಂಡ್, ಇಳಿಸದೆಯೇ ಸ್ವಿಚ್ ತಿರುಗಿಸಿದರೂ ಕರೆಂಟ್ 5 ಮಿಲಿಆಂಪಿಯರ್ ದಾಟದ ಕಾರಣ ಮೀಟರಿಗೆ ತೊಂದರೆಯಾಗದು. ಮಲ್ಟಿಮೀಟರಿನಿಂದ ಕೂಡುಬಿಂದುವನ್ನು ನೋಡಿ, ಅರ್ಧ ವೋಲ್ಟಿಗಿಂತ ಕೆಳಗೆ ಬಂದಿದೆಯೆಂದು ಕಂಡ ಮೇಲೆ ಮಾತ್ರ ಕ್ಲಿಪ್ ಬಿಚ್ಚಿ. ಎಲೆಕ್ಟ್ರೊಲಿಟಿಕ್ ಆದರೆ ಇನ್ನಷ್ಟು ಹೊತ್ತು ಡಿಸ್ಚಾರ್ಜ್‌ನಲ್ಲೇ ಬಿಡಿ. ಒಮ್ಮೆ ಖಾಲಿಯಾದಂತೆ ಕಂಡರೂ ಅದರ ಪದರಗಳಲ್ಲಿ ಉಳಿದ ಚಾರ್ಜ್ ಮೆಲ್ಲಗೆ ಮತ್ತೆ ಮೇಲಕ್ಕೆ ಬರುತ್ತದೆ.

ಅಂಕಿಯಿಂದ ಮೌಲ್ಯಕ್ಕೆ

ಮೀಟರ್ ತೋರಿಸುವುದು ಎರಡು ಕೆಪಾಸಿಟರ್‌ಗಳು ಸಾಲಾಗಿ ಸೇರಿದ ಮೌಲ್ಯವನ್ನು. ನಮಗೆ ಬೇಕಾದದ್ದನ್ನು ಪಡೆಯಲು, ಮೀಟರಿನ ಅಂಕಿಯನ್ನು ತಡೆ ಕೆಪಾಸಿಟರಿನ ಮೌಲ್ಯದಿಂದ ಗುಣಿಸಿ, ಬಂದದ್ದನ್ನು ತಡೆ ಕೆಪಾಸಿಟರಿನ ಮೌಲ್ಯದಲ್ಲಿ ಮೀಟರಿನ ಅಂಕಿಯನ್ನು ಕಳೆದು ಉಳಿದದ್ದರಿಂದ ಭಾಗಿಸಬೇಕು. ಮೀಟರ್ 0.60 ತೋರಿಸಿತು ಎನ್ನಿ, 0.60 ಗುಣಿಸು 9.87 ಎಂದರೆ 5.922, ಅದನ್ನು 9.27ರಿಂದ ಭಾಗಿಸಿದರೆ 0.639 ಮೈಕ್ರೊಫ್ಯಾರಡ್. ರೆಸಿಸ್ಟೆನ್ಸ್ ಓದಿದರೆ ಅದರಲ್ಲಿ 10 ಓಮ್ ಕಳೆಯಿರಿ. 100 ಕಿಲೊಓಮ್ ಬಯಾಸ್ ರೆಸಿಸ್ಟರ್ ಎಸಿಯ ದೃಷ್ಟಿಯಿಂದ ಕೆಪಾಸಿಟರಿಗೆ ಅಡ್ಡವಾಗಿ ಕೂತಂತೆ. 1 ಕಿಲೊಹರ್ಟ್ಸ್‌ನಲ್ಲಿ 1 ಮೈಕ್ರೊಫ್ಯಾರಡ್‌ನ ರಿಯಾಕ್ಟೆನ್ಸ್ (ಕೆಪಾಸಿಟರ್ ಎಸಿಗೆ ಒಡ್ಡುವ ತಡೆ) 159 ಓಮ್ ಆದ್ದರಿಂದ ಅದು ಕೆಪಾಸಿಟೆನ್ಸನ್ನು ಮುಟ್ಟುವುದಿಲ್ಲ, ರೆಸಿಸ್ಟೆನ್ಸಿಗೆ ಕಾಲು ಓಮ್‌ನಷ್ಟನ್ನು ಸೇರಿಸುತ್ತದೆ, ಅಷ್ಟೇ. ನಷ್ಟಾಂಶವನ್ನು (ಕೆಪಾಸಿಟರಿನೊಳಗೆ ಶಕ್ತಿ ವ್ಯರ್ಥವಾಗುವ ಪ್ರಮಾಣ) ನಿಖರವಾಗಿ ಅಳೆಯಬೇಕೆನ್ನುವವರಿಗೆ ಈ ಪೆಟ್ಟಿಗೆ ತಕ್ಕದ್ದಲ್ಲ.

ಹೊಸದಾಗಿ ಕಟ್ಟಿದ ಪೆಟ್ಟಿಗೆಯನ್ನು ಪರೀಕ್ಷಿಸಲು 1 ಮೈಕ್ರೊಫ್ಯಾರಡ್‌ನ ಒಂದು ಫಿಲ್ಮ್ ಕೆಪಾಸಿಟರ್ ಸಾಕು. ಸೊನ್ನೆಯಲ್ಲೂ 45 ವೋಲ್ಟಿನಲ್ಲೂ ಮೀಟರಿನ ಅಂಕಿ 0.908ರ ಆಸುಪಾಸಿನಲ್ಲಿ ಒಂದೇ ಆಗಿರಬೇಕು. ಬಯಾಸ್ ಏರಿದಂತೆ ಅದು ಜಾರಿದರೆ ದೋಷವಿರುವುದು ಪೆಟ್ಟಿಗೆಯಲ್ಲಿ: ತಡೆ ಕೆಪಾಸಿಟರ್ ಬೇರೆ ಬಗೆಯದಾಗಿರಬಹುದು, ಡಯೋಡ್ ಒಂದು ಸೋರುತ್ತಿರಬಹುದು. ಈ ಪರೀಕ್ಷೆ ಆಗದೆ ಯಾವ ಸೆರಾಮಿಕ್‌ನ ಅಂಕಿಯನ್ನೂ ನಂಬಬೇಡಿ.

ದೊಡ್ಡ ಮೌಲ್ಯಗಳು ಬಂದಾಗ

ಅಳೆಯುವ ಕೆಪಾಸಿಟರ್ ದೊಡ್ಡದಾದಂತೆ ಲೆಕ್ಕದ ದೋಷವೂ ಹಿಗ್ಗುತ್ತದೆ. 1 ಮೈಕ್ರೊಫ್ಯಾರಡ್ ಅಳೆಯುವಾಗ ಮೀಟರಿನ ದೋಷ 1.1ರಷ್ಟಾಗುತ್ತದೆ, 10 ಮೈಕ್ರೊಫ್ಯಾರಡ್‌ಗೆ ಎರಡರಷ್ಟು, 100ಕ್ಕೆ ಹನ್ನೊಂದರಷ್ಟು. 5 ಮೈಕ್ರೊಫ್ಯಾರಡ್ ದಾಟಿದ ಮೇಲೆ ಈ ವಿಧಾನ ಅಷ್ಟು ಹಿತವಲ್ಲ.

ಅಲ್ಲಿಂದಾಚೆಗೆ ಒಂದು ಸೊಗಸಾದ ಉಪಾಯವಿದೆ. ಒಂದೇ ರೀಲಿನಿಂದ ಎರಡು ಕೆಪಾಸಿಟರ್ ತೆಗೆದು, ಒಂದನ್ನು ತಡೆ ಕೆಪಾಸಿಟರಿನ ಜಾಗದಲ್ಲೂ ಇನ್ನೊಂದನ್ನು ಅಳೆಯುವ ಜಾಗದಲ್ಲೂ ಇಡಿ. ಎರಡರ ಮೇಲೂ ಒಂದೇ ಡಿಸಿ ವೋಲ್ಟೇಜ್ ಬೀಳುತ್ತದೆ, ಎರಡೂ ಒಂದೇ ಪ್ರಮಾಣದಲ್ಲಿ ಇಳಿಯುತ್ತವೆ, ಮೀಟರಿನ ಅಂಕಿಯನ್ನು ಎರಡರಿಂದ ಗುಣಿಸಿದರೆ ಒಂದರ ಸರಾಸರಿ ಮೌಲ್ಯ ಸಿಗುತ್ತದೆ. ತಡೆ ಕೆಪಾಸಿಟರ್ ಫಿಲ್ಮ್ ಆಗಿರಲೇಬೇಕು ಎಂದ ನಿಯಮಕ್ಕೆ ಇದೊಂದೇ ಅಪವಾದ. 100 ಮೈಕ್ರೊಫ್ಯಾರಡ್‌ನ ಎಲೆಕ್ಟ್ರೊಲಿಟಿಕ್‌ಗಳಿಗೂ ಇದೇ ಉಪಾಯ ನಡೆಯುತ್ತದೆ, ಎರಡರ ಪ್ಲಸ್ ಕಾಲುಗಳೂ ಕೂಡುಬಿಂದುವಿನ ಕಡೆಗಿರಬೇಕು. ಆಗ ಬಯಾಸ್ ರೆಸಿಸ್ಟರನ್ನು 10 ಕಿಲೊಓಮ್‌ಗೆ ಇಳಿಸಿ, ಆವರ್ತನವನ್ನು 100 ಅಥವಾ 120 ಹರ್ಟ್ಸ್‌ಗೆ ಇಡಬೇಕು. ಕಾಲಮಾನ 2 ಸೆಕೆಂಡ್ ಆಗುವುದರಿಂದ ಕಾಯುವಾಗಲೂ ಖಾಲಿ ಮಾಡುವಾಗಲೂ ಆತುರಪಡಬೇಡಿ.

ದೊಡ್ಡ ಸೆರಾಮಿಕ್‌ಗಳಲ್ಲಿ ಇನ್ನೊಂದು ತೊಡಕಿದೆ. ಬೇರಿಯಂ ಟೈಟನೇಟ್‌ನ ಕೆಪಾಸಿಟೆನ್ಸ್ ಡಿಸಿಗೆ ಮಾತ್ರವಲ್ಲ, ಎಸಿ ಸಂಕೇತದ ಮಟ್ಟಕ್ಕೂ ಬದಲಾಗುತ್ತದೆ. ತಯಾರಕರು 10 ಮೈಕ್ರೊಫ್ಯಾರಡ್‌ವರೆಗಿನ ಈ ಬಗೆಗಳನ್ನು ಸಾಮಾನ್ಯವಾಗಿ 1 ಕಿಲೊಹರ್ಟ್ಸ್, 1 ವೋಲ್ಟ್ ಆರ್‌ಎಂಎಸ್‌ನಲ್ಲಿ ಅಳೆದು ಹೇಳುತ್ತಾರೆ. ಕೈಮೀಟರಿನ ಒಳರೆಸಿಸ್ಟೆನ್ಸ್ 100 ಓಮ್ ಎಂದಿಟ್ಟುಕೊಂಡರೆ, 1 ಕಿಲೊಹರ್ಟ್ಸ್‌ನಲ್ಲಿ 10 ಮೈಕ್ರೊಫ್ಯಾರಡ್‌ನ ರಿಯಾಕ್ಟೆನ್ಸ್ 16 ಓಮ್ ಮಾತ್ರ. ಮೀಟರಿನ ಸಂಕೇತದಲ್ಲಿ ಏಳರಲ್ಲೊಂದು ಪಾಲು ಅದರ ಮೇಲೆ ಬಿದ್ದರೆ ಹೆಚ್ಚು. ಹಾಗಾಗಿ ಬಯಾಸ್ ಇಲ್ಲದಾಗಲೂ ನಿಮ್ಮ ಅಂಕಿ ಚೀಟಿಗಿಂತ ಕಡಿಮೆ ಬಂದರೆ ಕೆಪಾಸಿಟರನ್ನು ಕೂಡಲೇ ದೂರಬೇಡಿ. ಸೊನ್ನೆ ಬಯಾಸ್‌ನ ಅಂಕಿಗೆ ಹೋಲಿಸಿದರೆ ಶೇಕಡಾ ಎಷ್ಟು ಇಳಿಯಿತು ಎಂದು ಬರೆಯುವುದೇ ಹೆಚ್ಚು ನಂಬಿಕೆಗೆ ಅರ್ಹವಾದ ಅಳತೆ.

ಈ ಬಗೆಯ ಸೆರಾಮಿಕ್‌ಗಳು ಬಯಾಸ್ ತೆಗೆದೊಡನೆ ಮೊದಲಿನ ಮೌಲ್ಯಕ್ಕೆ ಪೂರ್ತಿಯಾಗಿ ಮರಳುವುದಿಲ್ಲ, ಅದಕ್ಕೆ ಹೊತ್ತು ಹಿಡಿಯುತ್ತದೆ. ಬೆಸುಗೆಯ ಬಿಸಿಯಂತೂ ಅವುಗಳ ಮೌಲ್ಯವನ್ನು ಮೇಲಕ್ಕೆತ್ತುತ್ತದೆ, ಆಮೇಲೆ ಅದು ದಿನಗಳುದ್ದಕ್ಕೂ ನಿಧಾನವಾಗಿ ಇಳಿಯುತ್ತದೆ. ಆದ್ದರಿಂದ ತಂತಿ ಬೆಸೆದ ಕೆಪಾಸಿಟರನ್ನು ಒಂದು ದಿನ ಬಿಟ್ಟು ಅಳೆಯಿರಿ. ಒಂದೇ ಕೆಪಾಸಿಟರನ್ನು ಎರಡನೆಯ ಸಲ ಅಳೆಯುವುದಿದ್ದರೆ ಸೊನ್ನೆ ಬಯಾಸ್‌ನ ಅಂಕಿಯನ್ನು ಹೊಸದಾಗಿ ತೆಗೆದುಕೊಳ್ಳಿ, ಹಿಂದಿನ ಅಂಕಿಯ ಪಕ್ಕದಲ್ಲಿ ದಿನಾಂಕವನ್ನೂ ವೇಳೆಯನ್ನೂ ಬರೆದಿಡಿ.